ಗಾಳಿಯಲ್ಲಿ ನಿಂತ ಕೈ

ನನಗೆ ಕೋಪ ಬಂದಿದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಈ ಅಬ್ರಫಿ ಯಾಕೆ ಹೀಗೆ ಹಾರಾಡುತ್ತಾಳೆ ಎಂದು ಯಾರೂ ಕೇಳಬಾರದು. ಗಂಡನ ಮೇಲೆ ಕೋಪ, ಗಂಡನ ಸೋದರಮಾವನ ಮೇಲೆ ಕೋಪ, ಲಸಿಕೆ ಹಾಕುವ ನರ್ಸಿನ ಮೇಲೆ ಕೋಪ, ನ್ಯಾಯ ಹೇಳುವ ಹಿರಿಯರ ಮೇಲೆ ಕೋಪ. ಆ ಹಾಳು ಕೊರೊನಾದ ಮೇಲಂತೂ ಕೇಳಲೇಬೇಡಿ. ಅದಕ್ಕೊಂದು ತಲೆ ಅಂತ ಇದ್ದಿದ್ದರೆ ಬೇಯಿಸಿದ ಗೆಣಸನ್ನು ಫುಫುವಿಗೆ ಕುಟ್ಟುವ ಒನಕೆಯಲ್ಲಿ ನಾನೇ ಅದರ ಕಥೆ ಮುಗಿಸುತ್ತಿದ್ದೆ.

ನಮ್ಮವರ ಹೆಸರು ಕ್ವಾಕು ಸಿಯಾವ್. ಇಲ್ಲೇ ನಮ್ಮೂರು ಅಸುಬೊನಿಯ ಹೈಸ್ಕೂಲಿನಲ್ಲಿ ಮಕ್ಕಳ ಊಟದ ಉಗ್ರಾಣ ನೋಡಿಕೊಳ್ಳುತ್ತಾರೆ. ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಇನ್ನೊಬ್ಬಳ ಮನೆಗೆ ಹೋಗುವುದಿಲ್ಲ. ಹೋದರೂ ದಾರಿ ತಪ್ಪಿ ತಿರುಗಿ ನಮ್ಮ ಅಂಗಳಕ್ಕೇ ಬಂದು ಬಾಗಿಲು ತಟ್ಟಿಯಾರು. ದೇವರು ಅವರಿಗೆ ಎಲ್ಲ ಕೊಟ್ಟ, ಗಮನ ಒಂದನ್ನು ಕೊಡಲು ಮರೆತ. ಇಂಥವರನ್ನು ಹಿಡಿದು ಆರೋಗ್ಯ ಕೇಂದ್ರದವರು ಅರ್ಧ ದಿನ ಲಸಿಕೆಯ ತರಬೇತಿ ಕೊಟ್ಟರು. ಮಧ್ಯಾಹ್ನ ಕೋಳಿ ಊಟ ಇದೆಯಂತೆ ಎಂದು ಹೇಳಿ ಹೋದವರು, ಬರುವಾಗ ಬೆನ್ನ ಮೇಲೆ ‘ಆರೋಗ್ಯ ಸ್ವಯಂಸೇವಕ’ ಎಂದು ಬರೆದ ತೋಳಿಲ್ಲದ ಹಳದಿ ಅಂಗಿ ತೊಟ್ಟು, ಕತ್ತಿಗೆ ಸ್ಯಾನಿಟೈಸರ್ ಬಾಟಲಿ ಕಟ್ಟಿಕೊಂಡು, ಅರ್ಧ ಡಾಕ್ಟರಾಗಿ ಬಂದರು.

ಅರ್ಧ ಡಾಕ್ಟರ ಜೊತೆ ಸಂಸಾರ ಮಾಡಿದವರಿಗೇ ಗೊತ್ತು ಆ ಕಷ್ಟ. ಊಟಕ್ಕೆ ಕೂತರೆ ಮಕ್ಕಳನ್ನು ಅಂಗಳದ ಒಂದೊಂದು ಮೂಲೆಗೆ ಅಟ್ಟಿದರು. ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆಯೆಂದು ಗೂಡಿನ ನಡುವೆ ಹಲಗೆ ಹೊಡೆದರು. ಕೋಳಿಗಳು ಸಿಟ್ಟಾಗಿ ಮೊಟ್ಟೆ ಇಡುವುದನ್ನೇ ಬಿಟ್ಟವು. ಮಧ್ಯಾಹ್ನ ಮಲಗಿದಾಗಲೂ ಮಾಸ್ಕ್ ತೆಗೆಯುತ್ತಿರಲಿಲ್ಲ. ಗೊರಕೆಗೆ ಅದು ಕಪ್ಪೆಯ ಗಂಟಲಿನಂತೆ ಉಬ್ಬಿ ಇಳಿಯುವುದನ್ನು ನೋಡಿ ನಮ್ಮ ಚಿಕ್ಕ ಮಗಳು ಹೆದರಿ ಅತ್ತಳು. ಇಷ್ಟೆಲ್ಲ ಆರ್ಭಟ ಮಾಡಿಯೂ ಊರಿನಲ್ಲಿ ಸೂಜಿ ಚುಚ್ಚಿಸಿಕೊಂಡವರು ಮೂವರೇ: ಇವರು, ನಾನು ಮತ್ತು ಹೆಡ್‌ಮಾಸ್ತರು.

ಉಳಿದವರೆಲ್ಲ ನಂಬಿದ್ದು ಅಂಪೊಫೊ ಮಾವನ ಹೆಂಡದಂಗಡಿಯ ವಿಜ್ಞಾನವನ್ನು. ಸೂಜಿ ಹಾಕಿಸಿಕೊಂಡ ಗಂಡಸು ಗಂಡಸಾಗಿ ಉಳಿಯುವುದಿಲ್ಲ, ಹೆಂಗಸಿಗೆ ಗಡ್ಡ ಬರುತ್ತದೆ, ತೋಳಿಗೆ ಚಮಚ ಅಂಟಿಕೊಳ್ಳುತ್ತದೆ ಎಂದೆಲ್ಲ ಅಲ್ಲಿ ದಿನವೂ ಹೊಸ ಹೊಸ ಸಂಶೋಧನೆ ಹೊರಬೀಳುತ್ತಿತ್ತು. ಮಾವ ನಮ್ಮವರ ತಾಯಿಯ ತಮ್ಮ, ಮನೆತನದ ಹಿರಿಯ. ಅವರು ಹೂಂ ಎನ್ನದೆ ನಮ್ಮಲ್ಲಿ ಮದುವೆಯೂ ನಡೆಯುವುದಿಲ್ಲ, ಹೆಣವೂ ಅಲುಗಾಡುವುದಿಲ್ಲ. ನನ್ನ ಸಂಕಟ ಇದ್ದದ್ದೇ ಆ ‘ಹೂಂ’ನಲ್ಲಿ.

ಯಾಕೆಂದರೆ ನನ್ನತ್ತೆ ಫ್ರೆಮಾ ಮೊದಲನೇ ಅಲೆಯಲ್ಲಿ ಹೋದರು. ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಎನ್ನುವವರು ನಮ್ಮನ್ನು ನೋಡಬೇಕಿತ್ತು. ‘ನನ್ನ ಮಗನಿಗೆ ಬುದ್ಧಿ ಹಾಕೋದು ಮರ್ತಿದ್ದೆ ಕಣೇ, ಅದಕ್ಕೇ ಹುಡುಕಿ ಹುಡುಕಿ ನಿನ್ನನ್ನ ತಂದೆ’ ಎಂದು ನಗುತ್ತಿದ್ದರು. ಅಂಥವರನ್ನು ಜಿಲ್ಲಾ ಆಸ್ಪತ್ರೆಯಿಂದ ಬಿಳಿ ಉಡುಪಿನವರು ನೇರ ಗುಂಡಿಗೆ ಒಯ್ದರು. ಮೀಯಿಸಲಿಲ್ಲ, ಒಳ್ಳೆಯ ಬಟ್ಟೆ ಉಡಿಸಲಿಲ್ಲ, ಮಂಚದ ಮೇಲೆ ಮಲಗಿಸಿ ಊರಿಗೆ ಮುಖ ತೋರಿಸಲಿಲ್ಲ. ನಾವು ಹಗ್ಗದಾಚೆ ನಿಂತು ಪ್ಲಾಸ್ಟಿಕ್ ಚೀಲ ಇಳಿಯುವುದನ್ನು ನೋಡಿದೆವು. ಮಾವ ತಾವು ಬಂದ ವ್ಯಾನಿನಿಂದ ಇಳಿಯಲೇ ಇಲ್ಲ. ಗಾಜು ಏರಿಸಿಕೊಂಡು ಒಳಗೇ ಕೂತಿದ್ದರು, ಸ್ವಂತ ಅಕ್ಕನ ಮಣ್ಣಿಗೆ. ಅವತ್ತು ಹತ್ತಿದ ಕೋಪ ನನಗಿನ್ನೂ ಇಳಿದಿಲ್ಲ.

ಮಣ್ಣಾಯಿತು, ಆದರೆ ಕಾರ್ಯ ಆಗಲಿಲ್ಲ. ಕೆಂಪು ಕಪ್ಪು ಬಟ್ಟೆ ಉಟ್ಟು, ಡೋಲು ಬಾರಿಸಿ, ಊರಿಗೆ ಊರೇ ಕೂತು ಅತ್ತು ಉಂಡು ಕಳಿಸಿಕೊಡದಿದ್ದರೆ ನಮ್ಮಲ್ಲಿ ಸತ್ತವರು ದಾರಿಯ ಮಧ್ಯದಲ್ಲೇ ನಿಂತಿರುತ್ತಾರೆ. ಮೊದಲು ಸರ್ಕಾರವೇ ಬೇಡವೆಂದಿತು, ಸರಿ. ಸರ್ಕಾರ ಹೂಂ ಎಂದ ಮೇಲೆ ಮಾವ, ಎರಡನೇ ಅಲೆ ಬರುತ್ತಂತೆ ತಡೆಯಿರಿ ಎಂದರು; ಬಂತು. ಮೂರನೆಯದನ್ನೂ ನೋಡಿಬಿಡೋಣ ಎಂದರು, ಅದೂ ಬಂತು. ಅಲೆಗಳೇನು ಅವರ ಹೆಂಡದಂಗಡಿಯ ಖಾಯಂ ಗಿರಾಕಿಗಳೋ ಎಂದು ನನಗೆ ಅನುಮಾನ. ಸಂತೆಗೆ ಹೋದರೆ ಹೆಂಗಸರು ಕರೆದು, ನಿಮ್ಮತ್ತೆಯ ಕಾರ್ಯಕ್ಕೆಂದು ತೆಗೆದಿಟ್ಟ ಬಟ್ಟೆಯನ್ನು ಇಲಿ ತಿಂದಿತಮ್ಮ, ಇನ್ನೇನು ಮೊಮ್ಮಕ್ಕಳ ಕಾಲಕ್ಕೆ ಮಾಡುತ್ತೀರೋ ಎಂದು ಕೇಳುತ್ತಿದ್ದರು. ನಾನು ಟೊಮೇಟೊ ಆರಿಸುವವಳ ಹಾಗೆ ತಲೆ ಬಗ್ಗಿಸಿ ನಿಲ್ಲುತ್ತಿದ್ದೆ.

ಕೊನೆಗೆ ನಾನೇ ಹಟ ಹಿಡಿದು, ಕೂಗಾಡಿ, ಒಂದು ದಿನ ಉಪವಾಸವನ್ನೂ ಮಾಡಿ, ದಿನ ಗೊತ್ತುಮಾಡಲು ಮನೆತನದ ಸಭೆ ಕರೆಸಿದೆ. ಆಗ ಉತ್ತರದ ಒಣಗಾಳಿಯ ಕಾಲ. ಬೆಳ್ಳಂಬೆಳಗ್ಗೆ ಚಳಿಯಲ್ಲಿ ಮಾವನ ಅಂಗಳದಲ್ಲಿ ಹಿರಿಯರು ಸಾಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಡುವೆ ಮಾವ.

ಸಭೆಗೆ ಬಂದವನು ಬಲಗಡೆಯಿಂದ ಶುರುಮಾಡಿ ಸಾಲಿನ ಎಲ್ಲರ ಕೈ ಹಿಡಿದುಕೊಂಡು ಹೋಗಬೇಕು. ಹಾಲು ಹಲ್ಲಿನ ಮಗುವಿಗೂ ಇದು ಗೊತ್ತು. ರೋಗ ಜೋರಾಗಿದ್ದಾಗ ಯಾರೂ ಯಾರ ಕೈಯನ್ನೂ ಮುಟ್ಟುತ್ತಿರಲಿಲ್ಲ, ಮೊಣಕೈಗೆ ಮೊಣಕೈ ತಾಗಿಸುತ್ತಿದ್ದೆವು. ಎಲ್ಲರನ್ನೂ ಬಿಟ್ಟರೆ ಯಾರಿಗೂ ಅವಮಾನವಿಲ್ಲ. ಆದರೆ ಆಗಿನ್ನೂ ನಾಲ್ಕನೇ ಅಲೆಯ ಸುದ್ದಿ ರೇಡಿಯೋದಲ್ಲಷ್ಟೇ ಇತ್ತು, ಕೈಗಳು ಮತ್ತೆ ಕೈಗಳಾಗಿದ್ದವು. ನಮ್ಮವರು ಹಳದಿ ಅಂಗಿ ತೊಟ್ಟು, ಕಣ್ಣಿನ ತನಕ ಮಾಸ್ಕ್ ಎಳೆದುಕೊಂಡು, ಕನ್ನಡಕ ಏರಿಸಿ ಗಂಭೀರವಾಗಿ ಬಂದರು. ಮೊದಲನೆಯವರ ಕೈ ಹಿಡಿದರು. ಎರಡನೆಯವರದು, ಮೂರನೆಯವರದು ಹಿಡಿದರು. ಮಾವ ಕೈ ಚಾಚಿದರು. ನಮ್ಮವರು ಆ ಕೈಯ ಮುಂದೆ ಒಂದು ಗಳಿಗೆ ನಿಂತರು, ತಲೆ ಓರೆಮಾಡಿ ಮಾವನ ಮುಖದ ಕಡೆ ನೋಡಿದರು, ಮತ್ತೆ ಹೆಜ್ಜೆ ಎತ್ತಿಟ್ಟು ಆಚೆಯವರ ಕೈ ಹಿಡಿದು ಚೆನ್ನಾಗಿ ಕುಲುಕಿದರು.

ಮಾವನ ಕೈ ಗಾಳಿಯಲ್ಲೇ ನಿಂತಿತು. ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನು ಅದನ್ನು ನೋಡಿದೆ.   ಮಾವ ಕೈಯನ್ನು ಮೆಲ್ಲಗೆ ಎಳೆದುಕೊಂಡು, ಉಟ್ಟ ಬಟ್ಟೆಯೊಳಗೆ ಮುಚ್ಚಿಟ್ಟು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಭೆ ಮುಗಿಯಿತು. ದಿನ ಗೊತ್ತಾಗಲಿಲ್ಲ.

ದಾರಿಯಲ್ಲಿ ನಾನು ಇವರ ಅಂಗಿ ಹಿಡಿದು ಕೇಳಿದೆ, ನಿಮಗೇನು ದೆವ್ವ ಬಡಿದಿತ್ತೇ ಎಂದು. ಇವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತ, ಮಾಸ್ಕಿನ ಉಸಿರೆಲ್ಲ ಮೇಲೆ ಬಂದು ಗಾಜಿಗೆ ಮಂಜು ಹಿಡಿದಿತ್ತು ಕಣೇ, ಏನೂ ಕಾಣಲಿಲ್ಲ, ಕುರ್ಚಿ ಖಾಲಿ ಇದೆ ಅಂದುಕೊಂಡೆ, ಮಾವ ಸಭೆಗೆ ಯಾಕೆ ಬಂದಿಲ್ಲ ಅಂತ ನನಗೇ ಆಶ್ಚರ್ಯವಾಯ್ತು ಎಂದರು. ಈಗಲೇ ತಿರುಗಿ ಹೋಗಿ ಕಾಲು ಹಿಡಿಯಿರಿ ಎಂದೆ. ಹೋಗೋಣ ಎಂದು ತಿರುಗಿಯೂ ಇದ್ದರು, ಅಷ್ಟರಲ್ಲಿ ಜೋಳದ ಕಡುಬು ಕೆಂಕೆ ಮಾರುವ ಟಾವಿಯಾ ಎದುರಾದಳು. ಸುದ್ದಿ ಅವಳಿಗೆ ನಮಗಿಂತ ಮುಂಚೆ ತಲುಪಿತ್ತು. ಬುಟ್ಟಿ ಕೆಳಗಿಟ್ಟು ದನಿ ತಗ್ಗಿಸಿ ಕೇಳಿದಳು.

‘ಅಣ್ಣ, ನಿಜ ಹೇಳು. ಅಂಪೊಫೊಗೆ ಅದು ಬಂದಿದೆ ಅಂತ ನೋಡಿದ ತಕ್ಷಣ ನಿಂಗೆ ಗೊತ್ತಾಗೋಯ್ತಾ?’

ಗಾಜಿಗೆ ಮಂಜು ಹಿಡಿದಿತ್ತು ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ಆದರೆ ಹುಟ್ಟಿದಾಗಿನಿಂದ ನಮ್ಮವರನ್ನು ಯಾರೂ ದನಿ ತಗ್ಗಿಸಿ ಏನನ್ನೂ ಕೇಳಿರಲಿಲ್ಲ. ಬೆನ್ನು ನೆಟ್ಟಗಾಯಿತು. ‘ತರಬೇತಿ ಆದೋರಿಗೆ ಕೆಲವೆಲ್ಲ ಗೊತ್ತಾಗುತ್ತೆ ಟಾವಿಯಾ. ಎಲ್ಲಾನೂ ಬಾಯಿಬಿಟ್ಟು ಹೇಳೋ ಹಾಗಿಲ್ಲ’ ಎಂದುಬಿಟ್ಟರು. ನಾನು ಚಿವುಟಿದೆ. ಚಿವುಟಿದ್ದನ್ನು ಟಾವಿಯಾ ನೋಡಿದಳು, ಗುಟ್ಟು ಇದೆ ಎನ್ನುವುದಕ್ಕೆ ಅವಳಿಗೆ ಅದೇ ಸಾಕ್ಷಿಯಾಯಿತು.

ಅವತ್ತು ಸಂಜೆಗೆ ಮಾವನ ಹೆಂಡದಂಗಡಿಯಲ್ಲಿ ನೊಣ ಕೂಡ ಇರಲಿಲ್ಲ. ನೊಣಗಳೂ ಎದುರಿನ ಅಂಗಡಿಗೆ ಹೋಗಿದ್ದವು. ಮರುದಿನದಿಂದ ನಮ್ಮ ಅಂಗಳದಲ್ಲಿ ಜಾತ್ರೆ. ಬರುವವರು ಮಾತಾಡುತ್ತಿರಲಿಲ್ಲ, ಬಂದು ನಮ್ಮವರೆದುರು ನಿಂತು, ನೋಡಿ ಎಂದು ಮುಖ ಒಡ್ಡುತ್ತಿದ್ದರು. ಒಬ್ಬಳು ಅಕ್ರಾದಿಂದ ಬಂದ ಗಂಡನನ್ನು ಮನೆಯೊಳಗೆ ಸೇರಿಸುವ ಮುಂಚೆ ತೋರಿಸಲು ಕರೆತಂದಳು. ಇನ್ನೊಬ್ಬ, ಕೊಳ್ಳಬೇಕೆಂದಿದ್ದ ಆಡನ್ನೇ ಹಿಡಿದುಕೊಂಡು ಬಂದ. ನಮ್ಮವರು ಮಾಸ್ಕಿನ ಮೇಲಿಂದ ಮಂಜು ಹಿಡಿದ ಕನ್ನಡಕದಲ್ಲಿ ದಿಟ್ಟಿಸಿ, ಏನೂ ಕಾಣದೆ, ಹೂಂ ಎನ್ನುತ್ತಿದ್ದರು. ಆ ‘ಹೂಂ’ಗೆ ಅರ್ಥ ಹಚ್ಚುವ ಕೆಲಸ ಊರಿನದು. ಆಡಿಗೂ ಹೂಂ ಎಂದರು, ಆಡು ಅಗ್ಗವಾಯಿತು.

ನಾನು ಜಗಳ ಮಾಡಿದೆ. ದಿನವೂ ಮಾಡಿದೆ. ನಿಮ್ಮ ಹೆತ್ತ ತಾಯಿ ದಾರಿಯಲ್ಲಿ ನಿಂತಿದ್ದಾರೆ, ನೀವಿಲ್ಲಿ ಆಡು ನೋಡುತ್ತ ಕೂತಿದ್ದೀರಿ ಎಂದೆ. ಆ ಮಾತಿಗೆ ಇವರ ಮುಖ ಬಾಡಿತು. ಸರಿ, ನಿಜ ಹೇಳಿಬಿಡುತ್ತೇನೆ ಎಂದರು. ಅವತ್ತೇ ನೋಡಿ, ನರ್ಸ್ ಜಿಫಾ ಬೆವರು ಸುರಿಸುತ್ತ ಸೈಕಲ್ಲಿನಲ್ಲಿ ಬಂದಳು. ಪಾಪದ ಹುಡುಗಿ, ಆರು ತಿಂಗಳಿಂದ ಲಸಿಕೆಯ ಡಬ್ಬ ಹೊತ್ತು ಮನೆ ಮನೆ ತಿರುಗಿ, ನಾಯಿ ಕಚ್ಚಿಸಿಕೊಂಡದ್ದು ಬಿಟ್ಟರೆ ಬೇರೇನೂ ಗಿಟ್ಟಿರಲಿಲ್ಲ. ಈಗ ಕೇಂದ್ರದ ಮುಂದೆ ರಸ್ತೆ ತಿರುವಿನ ತನಕ ಸಾಲು. ಸಿಯಾವ್‌ಗೆ ರೋಗ ಕಾಣುವ ಆ ಕಣ್ಣು ಬಂದದ್ದು ಸೂಜಿಯಿಂದ ಎಂದು ಊರು ತೀರ್ಮಾನಿಸಿತ್ತು. ತೋಳು ಒಡ್ಡುವವರೆಲ್ಲ, ಕಣ್ಣು ಬರುವುದು ಮೊದಲನೇ ಸೂಜಿಗೋ ಎರಡನೆಯದಕ್ಕೋ ಎಂದು ಕೇಳುತ್ತಿದ್ದರಂತೆ. ಇಬ್ಬರು ಮುದುಕರು, ಕಣ್ಣಿಗೇ ಚುಚ್ಚಿಬಿಡಮ್ಮ, ಬೇಗ ಹತ್ತುತ್ತೆ ಎಂದರಂತೆ.

ನೀನಾದರೂ ಸುಳ್ಳು ಎಂದು ಹೇಳಬಾರದೇ ಎಂದು ನಾನು ಅವಳ ಮೇಲೆ ಹರಿಹಾಯ್ದೆ. ಅವಳು ತನ್ನ ಬಿಳಿ ಅಂಗಿಯ ತುದಿಯಲ್ಲೇ ಮುಖ ಒರೆಸಿಕೊಂಡಳು.

‘ಅಕ್ಕ, ನಾನು ಯಾರಿಗೂ ಸುಳ್ಳು ಹೇಳಿಲ್ಲ. ಅವ್ರಾಗೇ ಬಂದ್ರು, ನಾನು ಚುಚ್ಚಿದೆ. ಈ ಡಬ್ಬಗಳು ತಿಂಗಳ ಕೊನೇಗೆ ಕೆಟ್ಟುಹೋಗುತ್ವೆ. ಅಲ್ಲೀತನಕ ಅಣ್ಣನ ಬಾಯಿ ಮುಚ್ಚಿಸಿಡು, ಕಾಲಿಗೆ ಬೀಳ್ತೀನಿ.’

ನನ್ನತ್ತೆಯ ಹಾಗೆ ಇನ್ನೊಬ್ಬರ ಅತ್ತೆ ಹೋಗುವುದು ಬೇಡ ಎಂದು ನನ್ನ ಬಾಯಿಯೂ ಕಟ್ಟಿತು. ನರ್ಸಿನ ಮೇಲೆ ಕೋಪ ಯಾಕೆಂದರೆ ಇದಕ್ಕೇ. ಅವಳು ಹೇಳಿದ್ದು ಸರಿಯಾಗಿತ್ತು.

ಆದರೆ ಮಾವ ಸುಮ್ಮನಿರುತ್ತಾರೆಯೇ? ಮೊದಲು ಹೇಳಿಕಳಿಸಿದರು, ನನ್ನ ಉಸಿರಿರುವ ತನಕ ಫ್ರೆಮಾಳ ಕಾರ್ಯ ನಡೆಯುವುದಿಲ್ಲ ಎಂದು.  ಆಮೇಲೆ ಮಾವ ಬಟ್ಟೆ ಝಾಡಿಸಿಕೊಂಡು ನಮ್ಮೂರ ದೊರೆಯ ಮನೆಗೆ ಹೋಗಿ, ಸೋದರಳಿಯ ಸಭೆಯಲ್ಲಿ ನನ್ನ ಕೈ ಬಿಟ್ಟ, ನನ್ನ ಮೇಲೆ ರೋಗ ಹೊರಿಸಿದ ಎಂದು ದೂರು ಕೊಟ್ಟರು. ಕರೆ ಬಂತು.

ದೊರೆಯ ಅಂಗಳದಲ್ಲಿ ಊರೇ ನೆರೆದಿತ್ತು. ದೊರೆ ಮಾತಾಡುವುದಿಲ್ಲ, ಅವರ ವಕ್ತಾರ ಚಿನ್ನದ ತಲೆಯ ಕೋಲು ಹಿಡಿದು ಮಾತಾಡುತ್ತಾನೆ. ಒಂದು ಮಾತಿಗೆ ಹತ್ತು ಗಾದೆ ಸೇರಿಸದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ. ಮಾವ ಒಂದು ಬದಿಯಲ್ಲಿ ಕೂತಿದ್ದರು. ಅವರ ಸುತ್ತ ಕುರ್ಚಿಗಳು ಖಾಲಿಯಿದ್ದವು. ಅಲ್ಲಿ ಬಂದು ಕೂರಲು ಒಬ್ಬರಿಗೂ ಎದೆಯಿರಲಿಲ್ಲ.

ತಿಂಗಳು ಮುಗಿದಿತ್ತು, ಡಬ್ಬಗಳೂ ಮುಗಿದಿದ್ದವು. ನಾನು ನಮ್ಮವರಿಂದ ದಾರಿಯುದ್ದಕ್ಕೂ ಪಾಠ ಒಪ್ಪಿಸಿಕೊಂಡಿದ್ದೆ: ಮಂಜು ಹಿಡಿದಿತ್ತು, ಕಾಣಲಿಲ್ಲ, ತಪ್ಪಾಯಿತು. ಅಷ್ಟೇ. ಇವರು ಎದ್ದು ನಿಂತು ಹಾಗೇ ಹೇಳಿದರು, ಒಂದಕ್ಷರ ತಪ್ಪಲಿಲ್ಲ. ನನಗೆ ಜೀವ ಬಂತು. ಆದರೆ ಯಾರೂ ನಂಬಲಿಲ್ಲ. ನೋಡಿ, ಮಾವನ ಮರ್ಯಾದೆ ಉಳಿಸಲು ಎಷ್ಟು ಚೆನ್ನಾಗಿ ಸುಳ್ಳು ಹೇಳಿದ, ಒಳ್ಳೆಯ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಮುದುಕಿಯರು ಕಣ್ಣೊರೆಸಿಕೊಂಡರು. ವಕ್ತಾರ ಕೂಡ ಮೆಚ್ಚಿ, ಕಂಡದ್ದನ್ನು ಕಾಣಲಿಲ್ಲ ಎನ್ನುವವನೇ ಹಿರಿಯ ಎಂಬರ್ಥದ ಗಾದೆಯೊಂದನ್ನು ಹೇಳಿದ.

ಮಾವನಿಗೆ ರೇಗಿತು. ‘ಇವ್ನ ಕರುಣೆ ನಂಗೆ ಬೇಡ. ನಂಗೆ ರೋಗ ಇಲ್ಲ ಅಂತ ಇಲ್ಲೇ, ಎಲ್ಲರ ಮುಂದೆ ಗಟ್ಟಿಯಾಗಿ ಹೇಳ್ಲಿ.’

ಇಲ್ಲ ಎಂದರೆ ಆಯಿತು. ಎರಡೇ ಅಕ್ಷರ. ಆದರೆ ಅರ್ಧ ದಿನದ ತರಬೇತಿ ಆ ಗಳಿಗೆಗೇ ಕಾದು ಕೂತಿತ್ತು. ನಮ್ಮವರು ಗಂಟಲು ಸರಿಮಾಡಿಕೊಂಡು, ‘ಪರೀಕ್ಷೆ ಮಾಡದೆ ಯಾರಿಗೆ ಇದೆ, ಯಾರಿಗೆ ಇಲ್ಲ ಅಂತ ಹೇಳೋಕೆ ಬರಲ್ಲ. ಎಲ್ಲರಿಗೂ ಇದೆ ಅಂತಾನೇ ತಿಳ್ಕೊಂಡು ದೂರ ಇರ್ಬೇಕು, ಹಾಗಂತ ನಮಗೆ ಹೇಳಿಕೊಟ್ಟಿದಾರೆ’ ಎಂದರು.

ಇಡೀ ಸಭೆ ಮಾವನಿಂದ ಎರಡು ಹೆಜ್ಜೆ ಹಿಂದೆ ಸರಿಯಿತು. ಕೋಲು ಹಿಡಿದ ವಕ್ತಾರ ನಾಲ್ಕು ಹೆಜ್ಜೆ ಸರಿದ. ಮಾವ ಎದ್ದರು. ದೊರೆಯ ಮುಂದೆ ಹೇಳುತ್ತಿದ್ದೇನೆ, ಕಾರ್ಯ ಇಲ್ಲ, ಇನ್ನು ಯಾವತ್ತೂ ಇಲ್ಲ, ಆ ಹೆಸರನ್ನೇ ನನ್ನೆದುರು ಎತ್ತಬೇಡಿ ಎಂದರು.

ಆಗ ನಾನು ಎದ್ದೆ. ಸೊಸೆ ಮಾತಾಡುವ ಜಾಗವಲ್ಲ ಅದು ಎಂದು ಯಾರೋ ಬಟ್ಟೆ ಹಿಡಿದು ಎಳೆದರು, ಕೊಡವಿಕೊಂಡೆ. ಎರಡು ವರ್ಷ ಸಂತೆಯಲ್ಲಿ ತಲೆ ಬಗ್ಗಿಸಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

‘ಒಂದು ಸಲ ನಿಮ್ಮ ಕೈ ಬಿಟ್ಟಿದ್ದಕ್ಕೆ ಊರು ಸೇರ್ಸಿದೀರಲ್ಲ ಮಾವ, ಅವತ್ತು ನಿಮ್ಮ ಕೈ ಎಲ್ಲಿತ್ತು? ನಿಮ್ಮಕ್ಕನ್ನ ಚೀಲದಲ್ಲಿ ಹಾಕಿ ಇಳಿಸ್ತಾ ಇದ್ರು. ಒಂದು ಹಿಡಿ ಮಣ್ಣು ಹಾಕೋಕೆ ನೀವು ಇಳೀಲಿಲ್ಲ. ಗಾಜು ಏರಿಸ್ಕೊಂಡು ಕೂತಿದ್ರಿ. ಹೆದರಿದ್ರಿ ನೀವು. ಹೆದರಿದೋರಿಗೆ ಯಾವ ಮರ್ಯಾದೆ?’

  ಹಿರಿಯರು ಮುಖ ಮುಖ ನೋಡಿಕೊಂಡರು. ಇಂಥ ಇಕ್ಕಟ್ಟಿನಲ್ಲಿ ಅವರು ಮಾಡುವುದು ಒಂದೇ ಕೆಲಸ: ಹಿತ್ತಲಿನ ಕಡೆ ಹೋಗಿ ‘ಅಜ್ಜಿಯನ್ನು ಕೇಳಿ’ ಬರುವುದು. ಅಲ್ಲಿ ಯಾವ ಅಜ್ಜಿಯೂ ಇಲ್ಲ, ಅವರವರೇ ಗುಸುಗುಸು ಮಾತಾಡಿಕೊಳ್ಳುವುದಕ್ಕೆ ಆ ಹೆಸರು. ಎದ್ದು ಹೋದರು. ಜನ ದೂರದಲ್ಲಿ ಗುಂಪಾದರು. ಮಾವನ ಹತ್ತಿರ ಉಳಿದವರು ನಾವಿಬ್ಬರೇ.

ಮಾವ ಕುರ್ಚಿಯಲ್ಲಿ ಕೂತರು. ನನ್ನ ಮುಖ ನೋಡದೆ, ನೆಲದ ಕಡೆ ಮಾತಾಡಿದರು.

‘ನಂಗೆ ಅವಾಗ ಅದು ಇತ್ತು ಅಬ್ರಫಿ. ಕುಮಾಸಿಯಿಂದ ಕೆಮ್ಮು ತಗೊಂಡು ಬಂದಿದ್ದೆ. ಬಂದೋನು ನೇರ ಅಕ್ಕನ ಮನೆಗೆ ಹೋಗಿ ಅವಳ ಬಟ್ಟಲಲ್ಲೇ ಉಂಡೆ. ವಾರಕ್ಕೆ ಅವಳು ಮಲಗಿದ್ಲು. ನಾನೇ ತಂದಿದ್ದು. ವ್ಯಾನಿಂದ ಇಳಿದ್ರೆ ನಿಮಗೂ ಹತ್ತುತ್ತೆ ಅಂತ ಇಳೀಲಿಲ್ಲ. ಕಾರ್ಯದ ದಿನ ಎದ್ದು ನಿಂತು, ಸಾವು ಹೇಗೆ ಬಂತು ಅಂತ ಊರಿಗೆ ಹೇಳ್ಬೇಕಾದೋನು ಯಾರು? ಮನೆತನದ ಹಿರಿಯ. ನಾನು. ಏನಂತ ಹೇಳ್ಲಿ? ಅವತ್ತು ನಿನ್ನ ಗಂಡ ನನ್ನ ಮುಖ ನೋಡಿ ಕೈ ಬಿಟ್ಟಾಗ, ಇವ್ನಿಗೆ ಗೊತ್ತಾಗೋಯ್ತು ಅಂದ್ಕೊಂಡೆ.’

‘ಇವ್ರಿಗಾ ಮಾವ? ಇವ್ರಿಗೆ ಚಪ್ಪಲಿ ಎಡ ಯಾವುದು ಬಲ ಯಾವುದು ಅಂತ ಗೊತ್ತಾಗಲ್ಲ’ ಎಂದೆ. ಬಾಯಿಗೆ ಬಂದದ್ದು ಅದೇ. 

ಪಕ್ಕದಲ್ಲಿ ನಮ್ಮವರು ಮಾಸ್ಕ್ ಕೆಳಗೆಳೆದುಕೊಂಡು ನಿಂತಿದ್ದರು. ನಾನು ಅವರ ಪೂರ್ತಿ ಮುಖವನ್ನು ಬೆಳಕಿನಲ್ಲಿ ನೋಡಿ ಎಷ್ಟೋ ದಿನವಾಗಿತ್ತು. 

‘ನೀವಲ್ಲ ಮಾವ. ನಾನು’ ಎಂದರು. ‘ಆ ವಾರ ಉಗ್ರಾಣದಲ್ಲಿ ಇಬ್ಬರು ಅಡುಗೆಯವ್ರು ಕೆಮ್ತಾ ಇದ್ರು. ನಂಗೂ ಮೈ ಬಿಸಿ ಇತ್ತು. ಇವ್ಳಿಗೆ ಹೇಳ್ಲಿಲ್ಲ. ಅಮ್ಮನಿಗೆ ನಾನೇ ದಿನಾ ಗಂಜಿ ತಗೊಂಡು ಹೋಗ್ತಿದ್ದೆ. ಇನ್ನೊಬ್ರಿಗೆ ಹಾಗೆ ಆಗ್ಬಾರ್ದು ಅಂತಾನೇ ಈ ತರಬೇತಿಗೆ ಹೋಗಿದ್ದು.’

ಮಾವ ಇವರನ್ನು ನೋಡಿದರು, ಇವರು ಮಾವನನ್ನು ನೋಡಿದರು. ಎರಡು ವರ್ಷ ಒಂದೇ ಮೊಟ್ಟೆಯ ಮೇಲೆ ಇಬ್ಬರೂ ಗುಟ್ಟಾಗಿ ಕಾವು ಕೂತಿದ್ದರು, ಒಬ್ಬರಿಗೊಬ್ಬರು ಹೇಳದೆ, ನನಗೆ ಹೇಳದೆ. ಒಬ್ಬರು ಅದನ್ನು ಮುಚ್ಚಿಕೊಳ್ಳಲು ಲಸಿಕೆಗೆ ಬೈದುಕೊಂಡು ತಿರುಗಿದರು, ಇನ್ನೊಬ್ಬರು ನನ್ನ ಕೋಳಿಗೂಡಿಗೆ ಹಲಗೆ ಹೊಡೆದರು. ನಾನು ಆಸ್ಪತ್ರೆಯ ಗಾಜಿನಾಚೆ ನಿಂತು ಕೂಗಿದ್ದು, ಹಗ್ಗದ ಹತ್ತಿರ ಬಿದ್ದು ಅತ್ತದ್ದು, ಸಂತೆಯಲ್ಲಿ ಕೇಳಿದ್ದು, ಎಲ್ಲ ನನಗೊಬ್ಬಳಿಗೇ ಬಿಟ್ಟು ಇಬ್ಬರೂ ತಮ್ಮ ತಮ್ಮ ತಪ್ಪನ್ನು ತಬ್ಬಿಕೊಂಡು ಮಲಗಿದ್ದರು. ಅಳು ಬರಬೇಕಿತ್ತು. ಬಂದದ್ದು ಕೋಪ, ಹಿಂದೆಂದೂ ಬಾರದಂಥ ಕೋಪ.

‘ಯಾರ ಬಟ್ಟಲಲ್ಲಿ ಬಂತೋ, ಯಾರ ಗಂಜೀಲಿ ಬಂತೋ, ಅದು ಯಾರಿಗೆ ಗೊತ್ತು?’ ಎಂದೆ. ‘ನಾನೂ ಅವ್ರ ತಲೆ ಬಾಚಿದ್ದೆ. ಮಕ್ಕಳೂ ತೊಡೆ ಮೇಲೆ ಮಲಗಿದ್ವು. ರೋಗ ತಂದಿದ್ದು ತಪ್ಪಲ್ಲ ಮಾವ. ಯಾರೂ ಬೇಕೂಂತ ತರ್ಲಿಲ್ಲ. ಅವ್ರನ್ನ ಎರಡು ವರ್ಷ ದಾರೀಲಿ ನಿಲ್ಸಿದ್ದು ತಪ್ಪು. ಅದನ್ನ ಮಾಡಿದ್ದು ನೀವಿಬ್ರು.’

ಅಷ್ಟರಲ್ಲಿ ಹಿರಿಯರು ಅಜ್ಜಿಯನ್ನು ಕೇಳಿಕೊಂಡು ಗಂಭೀರವಾಗಿ ಬಂದರು. ವಕ್ತಾರ ಕೋಲು ಕುಟ್ಟಿ ಎರಡು ಗಾದೆ ಹೇಳಿ ಮೂರನೆಯದಕ್ಕೆ ಬಾಯಿ ತೆರೆಯುವಾಗ ಮಾವ ಎದ್ದು, ದೂರು ಹಿಂತೆಗೆದುಕೊಂಡೆ ಎಂದರು. ಹಿರಿಯರ ಮುಖ ಹುಳ್ಳಗಾಯಿತು. ಒಂದು ಕುರಿ, ಎರಡು ಬಾಟಲಿ ಸ್ನಾಪ್ಸ್ ಸಾರಾಯಿ ಎಂದು ದಂಡ ಗೊತ್ತುಮಾಡಿಕೊಂಡು, ಕುರಿಯ ಯಾವ ಭಾಗ ಯಾರಿಗೆ ಎಂಬುದನ್ನೂ ಅಲ್ಲೇ ಹಂಚಿಕೊಂಡು ಬಂದಿದ್ದರು. ಅಜ್ಜಿಯನ್ನು ಕೇಳಿ ಆಗಿದೆ, ಕೇಳಿದ ಮೇಲೆ ಅಜ್ಜಿಯನ್ನು ಬರಿಗೈಯಲ್ಲಿ ಕಳಿಸುವುದು ಊರಿಗೆ ಶ್ರೇಯಸ್ಸಲ್ಲ ಎಂದು ವಕ್ತಾರ ವಾದಿಸಿದ. ಗುದ್ದಾಡಿ ಗುದ್ದಾಡಿ, ದೂರು ಕೊಟ್ಟವರು ಒಂದು ಕುರಿ, ದೂರಿಗೆ ಕಾರಣವಾದವರು ಒಂದು ಕುರಿ ಎಂದು ಎರಡು ಕುರಿಗೆ ನ್ಯಾಯ ಮುಗಿಯಿತು. ರಾಜಿಯಾದರೆ ದಂಡ ಇಮ್ಮಡಿಯಾಗುವುದನ್ನು ನಾನು ಅವತ್ತೇ ನೋಡಿದ್ದು. ನಮ್ಮ ಕುರಿಯಲ್ಲಿ ಅವರ ಹಲ್ಲಿಗೆ ಒಳ್ಳೆಯ ತುಂಡು ಸಿಗದಿರಲಿ.

ಆಮೇಲೆ ಮಾವ ದೊರೆಯ ಕಡೆ ತಿರುಗಿ, ಯಾರೂ ಕೇಳದೆಯೇ ಹೇಳಿದರು. ‘ನಮ್ಮಕ್ಕ ಫ್ರೆಮಾಳ ಕಾರ್ಯ ಬರೋ ತಿಂಗಳ ಮೊದಲನೇ ಶನಿವಾರ. ನಾಲ್ಕನೇ ಅಲೆ ಬಂದ್ರೂ ಸರಿ, ನಲವತ್ತನೇದು ಬಂದ್ರೂ ಸರಿ. ಸಾವು ಹೇಗೆ ಬಂತು ಅಂತ ನಾನೇ ನಿಂತು ಹೇಳ್ತೀನಿ. ಎಲ್ಲರೂ ಬನ್ನಿ.’

 ಟಾವಿಯಾ ಬಂದು ನನ್ನನ್ನು ಹಿಡಿದುಕೊಂಡಳು. ಅವಳ ಮೇಲೂ ಕೋಪವಿತ್ತು, ಆದರೂ ಆತುಕೊಂಡೆ.

ನ್ಯಾಯ ಮುಗಿದ ಮೇಲೆ ಬಂದವರೆಲ್ಲ ಸಾಲಾಗಿ ಕೈ ಹಿಡಿದು ಹೊರಡಬೇಕು. ಮಾವ ಹಿರಿಯರ ಸಾಲಿನ ಕೊನೆಯಲ್ಲಿ ಹೋಗಿ ನಿಂತರು. ನಮ್ಮವರು ಈ ಸಲ ಎಡವಟ್ಟಾಗಬಾರದೆಂದು ಕನ್ನಡಕವನ್ನೇ ತೆಗೆದು ಜೇಬಿಗಿಟ್ಟುಕೊಂಡು ಹೊರಟರು. ಕನ್ನಡಕವಿಲ್ಲದೆ ಮೊದಲೇ ಏನೂ ಕಾಣದು. ವಕ್ತಾರನ ಕೋಲನ್ನೂ ಕುಲುಕಿ, ಮಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಡುವುದನ್ನೇ ಮರೆತು ನಿಂತುಬಿಟ್ಟರು. ನಾನೇ ಭುಜ ಹಿಡಿದು ಆಚೆ ಸರಿಸಿದೆ.

ಈಗ ಮಾವನ ಕೈ ನನ್ನ ಮುಂದೆ ಚಾಚಿತ್ತು. ನನ್ನ ಹಿಂದೆ ಇಡೀ ಊರು ಸಾಲಾಗಿ ನಿಂತಿತ್ತು, ಮುಟ್ಟುವುದೋ ಬಿಡುವುದೋ ಎಂದು ನನ್ನನ್ನೇ ನೋಡುತ್ತಿತ್ತು. ನಾನು ಆ ಕೈ ಹಿಡಿದೆ. ಕ್ಷಮಿಸಿದೆ ಎಂದು ಯಾರೂ ತಿಳಿಯಬೇಡಿ, ನನಗಿನ್ನೂ ಕೋಪವಿದೆ. ನೋಯಲಿ ಎಂದೇ ಗಟ್ಟಿಯಾಗಿ ಹಿಡಿದೆ, ಬೆರಳಿನ ಎಲುಬು ಲಟಕ್ಕೆಂದು ಸದ್ದಾಗುವ ತನಕ ಹಿಡಿದೆ. ಮಾವನ ಕಣ್ಣಲ್ಲಿ ನೀರು ಬಂತು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.